ರಂಜಕದ ಲೋಕಾರ್ಪಣೆ

ಜ್ಞಾನವನ್ನು ಬಚ್ಚಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಸಿಂದಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕ. ಪುಸ್ತಕ ಕೇಳಿ ಬಂದವರಿಗೆ ಇಂದಿನವರೆಗೂ ಇಲ್ಲ ಅಂದವನಲ್ಲ. (ಕೇಳಿಕೊಂಡು ಬರುವವರೇ ಇಲ್ಲ, ಆ ಮಾತು ಬೇರೆ.) ಅಂಥ ನನ್ನ ಅಡುಗೆಮನೆಯಲ್ಲೇ ಪ್ರತಿವರ್ಷ ಜ್ಞಾನದ ಮೇಲೆ ಘೋರ ದಿಗ್ಬಂಧನ ನಡೆಯುತ್ತಿತ್ತು.

ಅದನ್ನು ಹೇರುತ್ತಿದ್ದವರು ನನ್ನ ಅತ್ತೆ ಬಾಳಮ್ಮನವರು. ಹಣ್ಣು ಮೆಣಸಿನಕಾಯಿ ಸಂತೆಗೆ ಬಂದಿತೆಂದರೆ ಅವರು ಕೊಲ್ಹಾರದಿಂದ ನಮ್ಮ ಮನೆಗೆ ಬರುತ್ತಾರೆ, ರಂಜಕ ಕುಟ್ಟುತ್ತಾರೆ. ಆ ಕೆಂಪು ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದವನಿಗೆ ಸ್ವರ್ಗ ಕಾಣುತ್ತದೆ, ಸ್ವಲ್ಪ ಹೆಚ್ಚಾದರೆ ಅಲ್ಲಿಗೇ ಹೋಗುತ್ತಾನೆ. ಆದರೆ ಕುಟ್ಟುವಾಗ ಬಾಗಿಲು ಮುಚ್ಚಿರುತ್ತದೆ. ಸ್ವಂತ ಮಗಳಿಗೂ, ಅಂದರೆ ನನ್ನ ಹೆಂಡತಿ ಸುನಂದಾಳಿಗೂ ಪ್ರವೇಶವಿಲ್ಲ.

ಈ ಸಲ ಅವರು ಬರುವ ಮುಂಚೆ ನಾನು ವಿಜಯಪುರದಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಬೆಳಗಿನ ಗೋಷ್ಠಿಯ ವಿಷಯ 'ಜ್ಞಾನ ಎಲ್ಲರ ಸ್ವತ್ತು'. ಕೇಳಿ ರೋಮಾಂಚನವಾಯಿತು. ಮಧ್ಯಾಹ್ನ 'ಅಂತರ್ಜಾಲದಲ್ಲಿ ಖಾಸಗಿತನ' ಎಂದು ಇನ್ನೊಂದಿತ್ತು. ಊಟಕ್ಕೆ ಹೋಳಿಗೆ ಇದ್ದುದರಿಂದ ಅದನ್ನು ಕಣ್ಣು ಮುಚ್ಚಿ ಆಲಿಸಿದೆ. ಒಟ್ಟಿನಲ್ಲಿ ಅರ್ಧ ಜ್ಞಾನಿಯಾಗಿ ಮನೆಗೆ ಬಂದೆ.

ಅತ್ತೆ ಬಂದರು, ಮೆಣಸಿನಕಾಯಿ ತೊಳೆದಿಟ್ಟು ಸ್ನಾನಕ್ಕೆ ಹೋದರು. ನಾನು ಅಡುಗೆಮನೆಯ ಗೋಡೆಯ ಮಾಡದಲ್ಲಿ, ಅವಲಕ್ಕಿ ಡಬ್ಬಿಗಳ ನಡುವೆ ಮೊಬೈಲಿಟ್ಟು ಕ್ಯಾಮೆರಾ ಚಾಲೂ ಮಾಡಿ ಬಂದೆ. ಆಮೇಲೆ ಎಂದಿನಂತೆ ಬಾಗಿಲು ಮುಚ್ಚಿತು, ಒರಳಿನ ಸದ್ದಾಯಿತು, ಘಾಟಿಗೆ ಬೀದಿಯ ನಾಯಿಗಳೂ ಸೀನಿದವು. ಕೊನೆಗೆ ಅತ್ತೆ ಲಿಂಬೆಹಣ್ಣು ತರಲು ಪಕ್ಕದ ಹಜರಾಬಿಯವರ ಮನೆಗೆ ಹೋದರು. ನಾನು ಮೊಬೈಲು ಎತ್ತಿಕೊಳ್ಳಲು ಒಳನುಗ್ಗಿದೆ.

ನುಗ್ಗಿದವನು ಮೊಬೈಲು ಎತ್ತಿಕೊಂಡು ಹೊರಬರಬೇಕಿತ್ತು. ಆದರೆ ಒರಳಿನಲ್ಲಿ ರಂಜಕ ಹೊಳೆಯುತ್ತಿತ್ತು. ಒಂದು ಬೆರಳು ಅದ್ದಿ ಬಾಯಿಗಿಟ್ಟೆ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಣ್ಣೀರು ನಿಂತ ಮೇಲೆ, ಹಿಂದೆ ಮುಂದೆ ನೋಡದೆ, ಆ ವಿಡಿಯೋವನ್ನು ಇದ್ದಂತೆಯೇ ಅಂತರ್ಜಾಲಕ್ಕೆ ಏರಿಸಿದೆ. ಕೆಳಗೆ ಭರ್ಜರಿಯಾಗಿ ಬರೆದೆ: 'ಇದನ್ನು ಯಾರು ಬೇಕಾದರೂ ನೋಡಬಹುದು, ಕತ್ತರಿಸಬಹುದು, ಹಂಚಬಹುದು. ಲೋಕಾರ್ಪಣೆ: ಅನೀಲಕುಮಾರ, ಗ್ರಂಥಪಾಲಕ.'

ಮರುದಿನ ಬೆಳಿಗ್ಗೆ ಮುದ್ದೇಬಿಹಾಳದಿಂದ ನಾದಿನಿ ವಿಜಯಶ್ರೀಯ ಫೋನು ಬಂತು. ಅತ್ತೆ ಸ್ಪೀಕರ್ ಹಾಕಿದ್ದರು.

"ಯವ್ವಾ, ನೀ ರಂಜಕ ಕುಟ್ಟೂದು ಇಡೀ ಜಿಲ್ಲಾ ನೋಡಾಕತ್ತೈತಿ! ಮೆಂತ್ಯಾ ಹುರಿಯೂದೂ ಕಾಣತೈತಿ!"

ಅತ್ತೆ ಎದ್ದು ಹೋಗಿ ಚೀಲದಲ್ಲಿ ಸೀರೆ ತುಂಬತೊಡಗಿದರು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು.

"ಅತ್ತೀ, ಜ್ಞಾನ ಅನ್ನೂದು ಎಲ್ಲಾರ ಸ್ವತ್ತರಿ…" ಎಂದು ಶುರು ಮಾಡಿದೆ.

"ಸುಮ್ಮನಿರ್ರಿ ನೀವು!" ಎಂದಳು ಸುನಂದಾ. "ಆಕೀ ಮಾರಿ ಜಗತ್ತಿಗೆ ತೋರಿಸೂ ಮುಂದ ಆಕೀನ ಒಂದ್ ಮಾತು ಕೇಳಿದ್ರೇನು?"

ಅತ್ತೆ ತಲೆ ಎತ್ತಲಿಲ್ಲ. "ಕೇಳಿದ್ರ ಹೇಳ್ತಿದ್ನೋ ಇಲ್ಲೋ, ಗೊತ್ತಿಲ್ಲ. ಆದ್ರ ಕೇಳಬೇಕಿತ್ತು. ಮೆಣಸಿನಕಾಯಿ ಬಂದಾಗ ಹೆಣ್ಮಕ್ಕಳು 'ಅವ್ವಾ ಬಾ' ಅಂತಾರ. ಎಲ್ಲಾರಿಗೂ ಗೊತ್ತಾದ ಮ್ಯಾಲ ನನ್ನ ಯಾರ ಕರೀತಾರ?"

ಅಡುಗೆಮನೆಯ ದಿಗ್ಬಂಧನದ ಕಾರಣ ಇಷ್ಟೇ ಎಂದು ನನಗೆ ಆ ಕ್ಷಣ ತಿಳಿಯಿತು. ಸುನಂದಾ ತಾಯಿಯ ಕೈಯಿಂದ ಚೀಲ ಕಸಿದುಕೊಂಡಳು. "ನಾ ರಂಜಕದ ಸಲುವಾಗಿ ನಿನ್ನ ಕರೀತೀನಿ ಅಂದ್ಕೊಂಡೀಯೇನು? ನೀ ಇರೂತನಾ ಇವರು ನನ್ನ ಜೋಡಿ ವಾದ ಮಾಡಂಗಿಲ್ಲ. ಅದಕ್ಕ ಕರೀತೀನಿ!"

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಅಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು. ಇಂಡಿಯಿಂದ ವಿಜಯಶ್ರೀಯ ಗೆಳತಿಯೊಬ್ಬಳು: "ಅಮ್ಮಾರ, ಉಪ್ಪು ಯಾವಾಗ ಹಾಕಬೇಕ್ರಿ? ವಿಡಿಯೋದಾಗ ನಿಮ್ಮ ಬೆನ್ನು ಅಡ್ಡ ಬಂದೈತ್ರಿ." ಅತ್ತೆ ಹೇಳತೊಡಗಿದವರು ನಿಲ್ಲಿಸಲೇ ಇಲ್ಲ. ಅದಾದ ಮೇಲೆ ಆಲಮೇಲದಿಂದ ಒಂದು ಫೋನು, ಬಸವನ ಬಾಗೇವಾಡಿಯಿಂದ ಇನ್ನೊಂದು. ಸಂಜೆಯ ಹೊತ್ತಿಗೆ ಅವರ ಧಾಟಿಯೇ ಬದಲಾಗಿತ್ತು.

"ಅಳಿಯಂದ್ರ, ಅದರಾಗ ನಿಮ್ಮ ಹೆಸರು ಐತಂತ. ನಂದ್ಯಾಕಿಲ್ಲ?"

ತಕ್ಷಣ ಹಾಕುತ್ತೇನೆಂದು ವಿಡಿಯೋ ತೆರೆದೆ. ಆಗಲೇ ಅದನ್ನು ನಾನು ಮೊದಲ ಸಲ ಪೂರ್ತಿ ನೋಡಿದ್ದು. ರಂಜಕ ಕುಟ್ಟುವುದು ಮುಗಿಯುತ್ತದೆ, ಅತ್ತೆ ಹೊರಗೆ ಹೋಗುತ್ತಾರೆ. ಆಮೇಲೆ ತೂತುಬಿದ್ದ ಬನಿಯನ್ನಿನ ಒಬ್ಬ ಗೃಹಸ್ಥ ಕಳ್ಳಬೆಕ್ಕಿನಂತೆ ಬಂದು ಬೆರಳು ನೆಕ್ಕುತ್ತಾನೆ, ಒರಳಿನ ಸುತ್ತ ಕುಣಿಯುತ್ತಾನೆ, ಮೊಸರಿನ ಪಾತ್ರೆಗೆ ಮುಖವನ್ನೇ ಅದ್ದುತ್ತಾನೆ. ಸುನಂದಾ ಬಂದು, "ಕಾಲೇಜಿನ್ಯಾಗೂ ಹಿಂಗ ಮಾಡ್ತೀರೇನು?" ಎನ್ನುತ್ತಾಳೆ. ಅವನು ಮೊಸರು ಸುರಿಸುತ್ತ, "ಇಲ್ಲವ್ವಾ, ತಪ್ಪಾತು" ಎನ್ನುತ್ತಾನೆ.

ಕೆಳಗೆ ಸಾಲುಗಟ್ಟಿ ಬರೆದಿದ್ದರು: 'ಕಡೀಗೆ ಬರೂ ಕಾಕಾನ್ನ ನೋಡ್ರಿ!' ಯಾರೋ ಆ ಭಾಗವನ್ನಷ್ಟೇ ಕತ್ತರಿಸಿ, ಹಾಡು ಸೇರಿಸಿ, ಊರೂರಿಗೆ ಹಂಚಿದ್ದರು. ಹಕ್ಕು ಕೊಟ್ಟವನು ನಾನೇ, ಸಹಿ ಸಮೇತ.

"ಅತ್ತೀ, ನಿಮ್ಮ ಹೆಸರು ದಪ್ಪಕ್ಷರದಾಗ ಹಾಕ್ತೇನಿ. ಈ ಕಡೀ ಭಾಗ ಒಂದು ತಗದುಬಿಡ್ತೇನ್ರಿ. ಮನುಷ್ಯಗ ಖಾಸಗಿತನ ಅಂತ ಒಂದು…"

"ಛೇ, ಅದನ್ನ ಮುಟ್ಟಬ್ಯಾಡ್ರಿ," ಎಂದರು ಬಾಳಮ್ಮನವರು ಗಂಭೀರವಾಗಿ. "ಖಾರ ಎಷ್ಟೈತಿ ಅನ್ನೂದು ಮಂದಿಗೆ ಮತ್ತ ಹೆಂಗ ತಿಳೀಬೇಕು?"

ಸುನಂದಾ ಅನುಮೋದಿಸಿದಳು. ಎರಡು ಮತ, ಒಂದು ವಿರೋಧ. ವಿಡಿಯೋ ಹಾಗೆಯೇ ಉಳಿಯಿತು. ಅತ್ತೆಯೂ ಉಳಿದರು. ಬಾಗಿಲು ತೆರೆದೇ ಕುಟ್ಟುತ್ತಾರೆ, ಮಗಳು ಪಕ್ಕದಲ್ಲೇ ಕೂತಿರುತ್ತಾಳೆ, ನನಗೆ ದಿನಾ ರೊಟ್ಟಿಯ ಮೇಲೆ ರಂಜಕ. ಇಷ್ಟು ಸುಖಕ್ಕೆ ಒಂದಿಷ್ಟು ಮಾನ ಹೋದರೆ ಹೋಗಲಿ ಎಂದುಕೊಂಡಿದ್ದೇನೆ.

ನಿನ್ನೆ ಬಸ್ಸಿನಲ್ಲಿ ಹೂವಿನ ಹಿಪ್ಪರಗಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ನನ್ನನ್ನೇ ದಿಟ್ಟಿಸಿದಳು. ವಿದ್ವಾಂಸನೆಂದು ಗುರುತಿಸಿರಬೇಕು ಎಂದು ನಾನು ಕನ್ನಡಕ ಸರಿಪಡಿಸಿಕೊಂಡೆ. ಆಕೆ ಕನಿಕರದಿಂದ ಬಾಗಿ, ಚೀಲದಿಂದ ಮಜ್ಜಿಗೆಯ ಬಾಟಲಿ ತೆಗೆದು ನನ್ನ ಕೈಗಿಟ್ಟಳು.

"ಕಾಕಾ, ಉರಿ ಈಗರೆ ಕಡಿಮಿ ಆಗೇತೇನ್ರಿ?"