ಬೀರು ಯಾರ ಸೈಡಿಗೆ?

ಬಸ್ ಡ್ರೈವರಿಗೆ ಅವತ್ತು ಬೆಳಗ್ಗೆಯಿಂದಲೇ ಪಿತ್ತ ನೆತ್ತಿಗೇರಿತ್ತು. ಅದಕ್ಕೆ ಕಾರಣ ಒಂದೇ ಒಂದು ಪದ: ಸೈಡು! ಹಾಳಾದ್ದು, ಯಾರದೋ ಭಾಷೆಯಿಂದ ಬಂದು, ಕರೆಯದೇ ಇದ್ದರೂ ಎಲ್ಲರ ಬಾಯಲ್ಲೂ ಠಿಕಾಣಿ ಹೂಡಿದೆ. ರಸ್ತೆಗಿಳಿದರೆ ಹಿಂದಿನ ಲಾರಿಯವನಿಗೆ ಸೈಡ್ ಬೇಕು. ಕ್ಷೌರಕ್ಕೆ ಕೂತರೆ "ಸೈಡಲ್ಲಿ ಸ್ವಲ್ಪ ತೆಗೀಲಾ?" ಒಂದು ಸೈಡ್ ತಲೆನೋವೆಂದು ಡಾಕ್ಟರ ಬಳಿ ಹೋದರೆ ಅವರು ಕೊಟ್ಟ ಮಾತ್ರೆಗೆ ಸೈಡ್ ಎಫೆಕ್ಟು. ಹೋಗಲಿ, ಮನೆಗೆ ಬಂದು ಒಂದು ಲೋಟ ನೀರು ಕುಡಿಯೋಣವೆಂದರೆ, ಹೆಂಡತಿ ಮೊಣಕೈಯಿಂದ ತಿವಿದು "ಸೈಡಿಗೆ ಬನ್ರೀ" ಅನ್ನುತ್ತಾಳೆ. (ಅವರ ಅಡುಗೆಮನೆಯಲ್ಲಿ ಸರಿಯುವುದಕ್ಕೆ ಸೈಡಾದರೂ ಎಲ್ಲಿದೆ? ಸರಿದರೆ ಗೋಡೆಯೊಳಗೇ ಸರಿಯಬೇಕು.)

ಇಷ್ಟನ್ನೂ ನುಂಗಿಕೊಂಡಿದ್ದ ಮಹಾನುಭಾವನ ತಾಳ್ಮೆ, ಹೊಸ ಬೀರು ಬಂದು ನಡುಮನೆಯಲ್ಲಿ ನಿಂತಾಗ ಪೂರ್ತಿ ಮುಗಿಯಿತು.

"ನನ್ನ ರೂಮಿಗೆ ಹಾಕ್ಸೋ," ಎಂದಳು ತಾಯಿ.

"ನನ್ನ ಬಟ್ಟೆಯೆಲ್ಲ ಕುರ್ಚಿ ಮೇಲೆ ಬಿದ್ದಿದೆ. ಅದು ನಮ್ಮ ರೂಮಿಗೇ ಬರ್ಬೇಕು," ಎಂದಳು ಹೆಂಡತಿ.

"ಬಾಯಿ ಬಿಡೋ, ನೀನು ಯಾರ ಸೈಡು?"

"ಹೂಂ, ಹೇಳ್ರೀ. ಯಾರ ಸೈಡು?"

ಅಮ್ಮನ ಸೈಡ್ ಎಂದರೆ ಹೆಂಡತಿ ಮಾತು ಬಿಡುತ್ತಾಳೆ. ಹೆಂಡತಿಯ ಸೈಡ್ ಎಂದರೆ ಅಮ್ಮ ಊಟ ಬಿಡುತ್ತಾಳೆ. ಎರಡು ಗಂಟೆಗೆ ಡ್ಯೂಟಿ ಬೇರೆ. ಡ್ರೈವರು ಕೆರಳಿ ಕೆಂಡವಾದ.

"ಇಬ್ಬರ ರೂಮಿಗೂ ಬೇಡ! ಹಿಂದಿನ ಸಣ್ಣ ರೂಮಿಗೆ ಹೋಗ್ಲಿ. ಇನ್ನು ಈ ಮನೇಲಿ ಯಾರಾದ್ರೂ ಸೈಡ್ ಅಂದ್ರೋ, ನಾನು ಮನುಷ್ಯನಾಗಿರಲ್ಲ!"

"ಆ ಬಾಗಿಲು ಇಕ್ಕಟ್ಟು ಕಣ್ರೀ. ಒಂದ್ಸಲ ಅಳತೆ ನೋಡಿ."

"ದಿನಾ ಮಾರ್ಕೆಟ್ ಗಲ್ಲಿಯಲ್ಲಿ ಬಸ್ ನುಗ್ಗಿಸೋನು ನಾನು. ನನಗೇ ಅಳತೆ ಹೇಳ್ಕೊಡ್ತೀಯಾ?"

ಬೀರುವನ್ನು ರಿವರ್ಸಿನಲ್ಲೇ ಒಳಗೆ ತರಬೇಕೆಂಬುದು ಡ್ರೈವರನ ಆಜ್ಞೆ. ಹಿಂದೆ ನಿಂತು ದಾರಿ ತೋರಿಸುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟಾನೆಯೇ? ತಾನೇ ಮೊದಲು ಸಣ್ಣ ರೂಮಿನೊಳಗೆ ಹೋಗಿ ನಿಂತು, ಎರಡೂ ಕೈಯೆತ್ತಿ ಅರಚತೊಡಗಿದ: "ಬರ್ಲಿ, ಬರ್ಲಿ, ಬರ್ಲಿ! ಜೋರಾಗಿ ತಳ್ರೀ, ಕೈಯಲ್ಲಿ ಶಕ್ತಿ ಇಲ್ವಾ?"

ಶಕ್ತಿಗೇನು ಬರ? ಅತ್ತೆ ಸೊಸೆಯ ಮೇಲಿನ ಸಿಟ್ಟನ್ನೂ, ಸೊಸೆ ಅತ್ತೆಯ ಮೇಲಿನ ಸಿಟ್ಟನ್ನೂ, ಇಬ್ಬರೂ ಅವನ ಮೇಲಿನ ಸಿಟ್ಟನ್ನೂ ಸೇರಿಸಿ ಒಮ್ಮೆಲೇ ತಳ್ಳಿದರು. ಧಡ್! ಬೀರು ಬಾಗಿಲ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗೆ ಡ್ರೈವರು, ಹೊರಗೆ ಅವರಿಬ್ಬರು.

"ಎಳೀರೇ!" ಎಂದು ಕೂಗಿದ. ಎಳೆದರು, ಜಗ್ಗಲಿಲ್ಲ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಇಬ್ಬರೂ ಜುಟ್ಟು ಹಿಡಿದುಕೊಂಡರೇನೋ ಎಂದು ಅವನು ಬೀರುವಿನ ಬೆನ್ನಿಗೆ ಕಿವಿಯಿಟ್ಟ.

"ಅತ್ತೆ, ಇಲ್ನೋಡಿ," ಹೆಂಡತಿಯ ದನಿ ಕೇಳಿಸಿತು. "ಬೀರು ಬಾಗಿಲು ನಮ್ಮ ಕಡೆಗೇ ಇದೆ. ಎಷ್ಟು ಸಲೀಸಾಗಿ ತೆಗೆಯುತ್ತೆ!"

"ಹೌದಲ್ಲೇ! ನನ್ನ ರೂಮಿಗೂ ಹತ್ತಿರ, ನಿಂಗೂ ಹತ್ತಿರ. ಬಲಗಡೆದು ನನಗಿರ್ಲಿ."

"ಎಡಗಡೆದು ನನಗೆ. ಇಲ್ಲೇ ಇದ್ದುಬಿಡ್ಲಿ ಅತ್ತೆ, ಚೆನ್ನಾಗಿ ಕೂತಿದೆ."

ಮದುವೆಯಾದಂದಿನಿಂದ ಅತ್ತೆ ಸೊಸೆ ಒಂದು ವಿಷಯಕ್ಕೆ ಒಪ್ಪಿದ್ದು ಇದೇ ಮೊದಲು.

"ನಾನು ಒಳಗಿದೀನಿ ಕಣ್ರೇ!" ಡ್ರೈವರು ಬೀರುವಿನ ಬೆನ್ನಿಗೆ ದಬದಬ ಗುದ್ದಿದ. "ಡ್ಯೂಟಿಗೆ ಹೊತ್ತಾಯ್ತು!"

"ಗುದ್ಬೇಡ್ರೀ, ಜೋಡಿಸಿದ ಬಟ್ಟೆ ಬೀಳುತ್ತೆ."

"ಸುಮ್ನಿರೋ," ತಾಯಿ ಗದರಿದಳು. "ಇಷ್ಟು ದಿನಕ್ಕೆ ಮನೇಲೊಂದು ಜಗಳ ತೀರಿದೆ. ನೀನು ಹೊರಗೆ ಬಂದು ಕೆಡಿಸ್ಬೇಡ."