ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ಊರೆಲ್ಲ ಹೊರಗೆ ಹಾಕಿದವರ ಬಗ್ಗೆ ನನಗೆ ವಿಪರೀತ ಕನಿಕರ, ಅವರು ಪುಸ್ತಕದೊಳಗೆ ಇರುವವರೆಗೆ. ಅಲ್ಲಿದ್ದವರು ಊಟಕ್ಕೆ ಬಂದು ಕೂಡುವುದಿಲ್ಲ, ಹಾಸಿಗೆ ಕೇಳುವುದಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಪ್ರತಿವರ್ಷ ಒಂದು ಹಳೆಯ ಭಯಾನಕ ಕಾದಂಬರಿಯ ಪಾಠ ಮಾಡುತ್ತೇನೆ. ಅದರಲ್ಲೊಬ್ಬ ಪಂಡಿತ ಸತ್ತವರ ಮೈಯ ತುಂಡುಗಳನ್ನು ಹೊಲಿದು ಒಂದು ಜೀವ ಮಾಡುತ್ತಾನೆ. ಅದು ಕಣ್ಣು ಬಿಟ್ಟ ಕೂಡಲೇ ಅದರ ರೂಪಕ್ಕೆ ಹೇಸಿ ಓಡಿಹೋಗುತ್ತಾನೆ. ಪಾಪ, ಆ ಜೀವ ಹೋದಲ್ಲೆಲ್ಲ ಏಟು ತಿನ್ನುತ್ತದೆ. ಇಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೇನೆ. ಪಂಡಿತನನ್ನು ಬೈಯುವ ಭರದಲ್ಲಿ ಗಂಟೆ ಹೊಡೆದದ್ದೂ ತಿಳಿಯುವುದಿಲ್ಲ.

ಗದಗ ಹೊಸದಾಗಿ ಜಿಲ್ಲೆಯಾದ ದಿನಗಳಲ್ಲಿ ನಾವೂ ಹೊಸ ಮನೆ ಕಟ್ಟಿಸಿದೆವು. ಜಿಲ್ಲಾಸ್ಥಳದಲ್ಲಿ ಇರುವವರಿಗೆ ಒಂದಿಷ್ಟು ಠೀವಿ ಬೇಡವೇ? ಸೋಫಾ ಬಂತು, ಗುಲಾಬಿ ಹೂವಿನ ರಗ್ಗು ಬಂತು. ಹಮ್ಮಿಗಿಯಲ್ಲಿರುವ ಗಂಗವ್ವತ್ತೆ, ನಮ್ಮಪ್ಪನ ತಂಗಿ, ವರ್ಷವಿಡೀ ಕೂತು ಮನೆಯವರ ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದು ಕೊಟ್ಟಿದ್ದ ಕೌದಿ ಮಾತ್ರ ಪಡಸಾಲೆಯ ಅಟ್ಟ ಸೇರಿತು. ಅಜ್ಜನ ಧೋತರ, ಅವ್ವನ ಇಳಕಲ್ ಸೀರೆ, ಮಾವನ ರುಮಾಲು, ನಟ್ಟನಡುವೆ ನನ್ನ ಶಾಲೆಯ ಖಾಕಿ ಚಡ್ಡಿಯ ಹಿಂಭಾಗ. ನಾಲ್ಕು ಜನರ ಮುಂದೆ ಅದನ್ನು ಹಾಸುವುದು ಹೇಗೆ?

ಒಂದು ಮಧ್ಯಾಹ್ನ ಅತ್ತೆ ಮುಂಚೆ ಖಬರು ಕೊಡದೆ ಬಂದಳು. ಊಟ ಮುಗಿಸಿ, "ಸ್ವಲ್ಪ ಅಡ್ಡಾಗತೀನಿ. ನನ್ನ ಕೌದಿ ತಗದು ಹಾಸೋ ಬಸು" ಎಂದಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಅಟ್ಟಕ್ಕೆ ಹಾಕಿದ್ದು ಗೊತ್ತಾದರೆ ಮುದುಕಿ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹೊತ್ತು ಕಳೆಯಲು, "ತಡಿ ಅತ್ತಿ, ಒಂದು ಕತಿ ಹೇಳತೀನಿ" ಎಂದೆ. ನನ್ನ ಹಣೆಬರಹ, ಬಾಯಿಗೆ ಬಂದದ್ದು ಪಾಠದ ಆ ಪಂಡಿತನ ಕಥೆಯೇ.

ಅತ್ತೆ ಎಲೆಯಡಿಕೆ ಮೆಲ್ಲುತ್ತ ಕೊನೆಯವರೆಗೆ ಕೇಳಿದಳು. "ಸತ್ತವರದ್ದು ತಂದು ಹೊಲಿಯೋದ್ರಾಗ ತಪ್ಪೇನಿಲ್ಲ. ನಿಮ್ಮಜ್ಜನ ಧೋತರ ನಾ ಹೊಲದಿಲ್ಲೇನು? ಕಡೀ ಮೂಲಿ ಹೊಲಿಯೋ ಮುಂದ ಒಳಗ ರೊಟ್ಟಿ ಚೂರು ಇಟ್ಟಿದ್ನೇನು ಅಂವಾ?"

"ಇಲ್ಲ."

"ಅದಕ್ಕ ನೋಡು. ಕೌದಿ ಸೈತ ಖಾಲಿ ಹೊಟ್ಟೀಲೆ ಇರಬಾರದು ಅಂತ ನಾವು ರೊಟ್ಟಿ ಇಟ್ಟು ಹೊಲೀತೀವಿ. ಅಷ್ಟು ಓದಿದಾಂವ, ಜೀವಕ್ಕ ಒಂದು ತುತ್ತು ಕೊಡಲಿಲ್ಲ. ಹಸದದ್ದು ಊರೂರು ತಿರಗದ ಏನು ಮಾಡತೈತಿ? ಹಮ್ಮಿಗಿಗೆ ಬಂದಿದ್ರ ನಾ ಕುಂದರಿಸಿ ಉಣ್ಣಾಕ ಹಾಕತಿದ್ದೆ."

"ಮಾರಿ ಭಾಳ ಅಸಹ್ಯ ಇತ್ತಂತ ಅತ್ತಿ."

"ನಿಮ್ಮ ಮಾವಂದೇನು ಚಂದಿತ್ತು? ನಲವತ್ತು ವರ್ಷ ಬಾಳೇ ಮಾಡಲಿಲ್ಲೇನು ನಾ?"

ಹೆಂಡತಿ ನಕ್ಕಳು. ಪಾರಾದೆ ಅಂದುಕೊಂಡು ನಾನೂ ನಕ್ಕೆ. ಅತ್ತೆ ಮಾತ್ರ ತಲೆಯೆತ್ತಿ ನೋಡುತ್ತಿದ್ದಳು. ಅಟ್ಟದ ಮೇಲಿನ ತಗಡಿನ ಡಬ್ಬಿಗಳ ನಡುವಿನಿಂದ ಕೌದಿಯ ಕೆಂಪು ಗೊಂಡೆ ಇಳಿಬಿದ್ದಿತ್ತು.

"ಕತಿ ಆತಲ್ಲ, ಇನ್ನ ನಿಚ್ಚಣಿಕಿ ಹಚ್ಚು" ಎಂದಳು.

ಇಳಿಸಿದೆ. ಒಂದು ಮೂಲೆಯಲ್ಲಿ ಇಲಿ ತೂತು ಮಾಡಿತ್ತು, ರೊಟ್ಟಿ ಇಟ್ಟಿದ್ದ ಮೂಲೆಯಲ್ಲೇ. ಅತ್ತೆ ಅದರೊಳಗೆ ಬೆರಳಾಡಿಸಿದಳು. "ಇರಲಿ, ಇಲಿಗಾದ್ರೂ ಇದರ ಹೊಟ್ಟ್ಯಾಗ ಏನೈತಿ ಅಂತ ತಿಳೀತು" ಎಂದವಳೇ ಹೆಂಡತಿಯಿಂದ ಸೂಜಿ ದಾರ, ನನ್ನಿಂದ ಹೊಸ ರೊಟ್ಟಿ ಚೂರು ತರಿಸಿ ಹೊಲಿದಳು. ಆಮೇಲೆ ಅದನ್ನೇ ಹೊದ್ದು ಗೊರಕೆ ಹೊಡೆದಳು.

ಈಗ ಕೌದಿ ಸೋಫಾದ ಮೇಲಿದೆ, ಚಡ್ಡಿಯ ತುಂಡು ಬಂದವರಿಗೆಲ್ಲ ಕಾಣುವಂತೆ. ಅತ್ತೆಯೂ ಬಂದು ಹೋಗುತ್ತಾಳೆ. ಪಾಠವೂ ನಡೆಯುತ್ತದೆ, ಆ ಜೀವ ಏಟು ತಿನ್ನುವಲ್ಲಿ ಕನ್ನಡಕವನ್ನು ಈಗಲೂ ಒರೆಸಿಕೊಳ್ಳುತ್ತೇನೆ. ಪಂಡಿತನನ್ನು ಬೈಯುವ ಜಾಗ ಬಂದಾಗ ಮಾತ್ರ, ಯಾಕೋ, ಪುಟವನ್ನು ಸ್ವಲ್ಪ ಜಲ್ದಿ ತಿರುವಿಬಿಡುತ್ತೇನೆ.