ಎಮ್ಮೆ ತಿಂದ ಮೂರು ಅಡಿ ಕುತ್ತಿಗೆ

ಪ್ಲೀಸಿಯೊಸಾರನ್ನು ನಾನು ಮೊದಲು ಕಂಡದ್ದು 1954ರಲ್ಲಿ, ಮೈಸೂರಿನ ಕಾಲೇಜಿನಲ್ಲಿ, ಒಂದು ಬುಧವಾರ ಮಧ್ಯಾಹ್ನ ಎರಡೂಕಾಲಿಗೆ. ಕಿಟಕಿಯ ಪಕ್ಕದ ಗೋಡೆಯ ಮೇಲೆ ದೊಡ್ಡ ಚಿತ್ರ. ಅದರ ಎಡಮೂಲೆಯನ್ನು ಗೆದ್ದಲು ತಿಂದಿತ್ತು. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಈಜಾಡಿ, ಈಗ ಕಲ್ಲಾದ ಮೂಳೆಗಳಲ್ಲಷ್ಟೇ ಉಳಿದಿರುವ ಸರೀಸೃಪ. ಆಮೆಯಂಥ ಮೈ, ದೋಣಿಯ ಹುಟ್ಟಿನಂಥ ನಾಲ್ಕು ಕಾಲು, ಮತ್ತು ಆಹಾ, ಆ ಕುತ್ತಿಗೆ! ನಮ್ಮೂರು ಸಿ.ಎಸ್. ಪುರದ ಕೆರೆಯಲ್ಲಿ ನೀರುಹಾವಿಗಿಂತ ದೊಡ್ಡದನ್ನು ಕಾಣದ ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

ನಾಲ್ಕು ವರ್ಷದ ಮೇಲೆ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸೋಮವಾರ ಇನ್ಸ್‌ಪೆಕ್ಟರು ಬರುತ್ತಾರೆ, ಅವರು ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಊರಿನ ದಾರಿ ಎಂದು ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರು ತಿಳಿಸಿದರು.

"ಅವರಿಗೆ ತೋರಿಸೋಕೆ ಆರು ಅಡಿಯ ಪ್ಲೀಸಿಯೊಸಾರ್ ಮಾದರಿ ಮಾಡ್ತೀನಿ ಸಾರ್! ಅದ್ರಲ್ಲಿ ಮೂರು ಅಡಿ ಬರೀ ಕುತ್ತಿಗೆ!" ಎಂದು ಘೋಷಿಸಿ ಮನೆಗೆ ಬಂದೆ.

ನೆನೆಸಿದ ಹಳೆಯ ಕಾಗದಕ್ಕೆ ಮೆಂತ್ಯ ಸೇರಿಸಿ ರುಬ್ಬಿ, ಮಡಕೆಯ ಮೇಲೆ ಮೆತ್ತಿ ಬುಟ್ಟಿ ಮಾಡುವುದರಲ್ಲಿ ನನ್ನ ಹೆಂಡತಿ ವನಜ ತವರೂರು ಕುಣಿಗಲಿನಲ್ಲೇ ಹೆಸರಾದವಳು. ಅದೇ ಹದದಲ್ಲಿ ಗುಡಾಣದ ಮೇಲೆ ಪ್ರಾಣಿಯ ಮೈ ಎದ್ದಿತು. ಕುತ್ತಿಗೆಯೊಳಗೆ ಆಧಾರಕ್ಕೆಂದು ನಾನು ರಾಗಿ ಹುಲ್ಲು ಹೊಸೆದು ಇಟ್ಟೆ.

"ಹುಲ್ಲು ಯಾಕ್ರೀ? ಬಿದಿರು ಕಡ್ಡಿ ಇಡ್ರೀ."

"ಬಿ.ಎಸ್ಸಿ. ಓದಿರೋನು ನಾನಾ, ನೀನಾ?"

"ನೀವೇ. ಬುಟ್ಟಿ ಮಾಡಿರೋಳು ಮಾತ್ರ ನಾನು."

ಭಾನುವಾರ ಪ್ರಾಣಿಯನ್ನು ಹಿತ್ತಲಲ್ಲಿ ಬಿಸಿಲಿಗಿಟ್ಟು ಊಟಕ್ಕೆ ಕುಳಿತೆ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ವನಜ ಕೂಗಿದಳು:

"ರೀ! ನಿಮ್ಮ ಪ್ರಾಣೀನ ಎಮ್ಮೆ ತಿಂತಾ ಐತೆ!"

ಎಂಜಲುಗೈಯಲ್ಲೇ ಓಡಿದೆ. ಪಕ್ಕದ ಮನೆಯ ದ್ಯಾವಪ್ಪನ ಎಮ್ಮೆ ಕುತ್ತಿಗೆಯ ಕೊನೆಯ ಗೇಣನ್ನು ಕಣ್ಣು ಮುಚ್ಚಿ ಸವಿಯುತ್ತಿತ್ತು. ಮೆಂತ್ಯ, ರಾಗಿ ಹುಲ್ಲು, ಪುಷ್ಕಳ ಭೋಜನ! ತಲೆ ಮಾತ್ರ ಒಗೆಯುವ ಕಲ್ಲಿನ ಪಕ್ಕ ಉರುಳಿಬಿದ್ದಿತ್ತು.

"ದ್ಯಾವಪ್ಪಾ, ಹತ್ತು ಕೋಟಿ ವರ್ಷದ ಪ್ರಾಣಿ ಕಣಯ್ಯಾ ಅದು!"

ದ್ಯಾವಪ್ಪ ಬೆಚ್ಚಿದ. "ಅಷ್ಟು ಹಳೇದನ್ನ ಎಮ್ಮೆ ಬಾಯಿಗೆ ಸಿಗಂಗೆ ಇಟ್ಟಿದ್ದೀರಲ್ಲ ಮೇಷ್ಟ್ರೇ! ಅದರ ಹೊಟ್ಟೆ ಕೆಟ್ರೆ ಏನ್ ಗತಿ?"

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ವನಜ ನನ್ನ ಪುಸ್ತಕ ತಂದು ಹಾಳೆ ತಿರುವಿದಳು.

"ಇದಕ್ಕೆ ಕುತ್ತಿಗೇನೇ ಇಲ್ವಲ್ರೀ. ಇದ್ಯಾರು?"

"ಇಕ್ತಿಯೊಸಾರ್. ಅದೂ ಕಡಲಿನದೇ. ಮೀನಿನಂಥ ಸರೀಸೃಪ."

"ಹಂಗಾದ್ರೆ ಏಳಿ. ಇವತ್ತಿಂದ ಇವ್ನೇ ಅವ್ನು!"

ತಲೆಯನ್ನು ನೇರವಾಗಿ ಮೈಗೇ ಅಂಟಿಸಿದಳು. ಉಳಿದ ಹಿಟ್ಟಿನಿಂದ ಮೂತಿಯನ್ನು ಉದ್ದ ಮಾಡಿದಳು. ಬೀಸಣಿಗೆ ಬಾಲವಾಯಿತು. ಚಿತ್ರದಲ್ಲಿ ಕಣ್ಣಿನ ಸುತ್ತ ಬಳೆಯಂಥದ್ದೇನೋ ಇದೆಯೆಂದು ಕೈಯಿಂದ ಎರಡು ಬಳೆ ಬಿಚ್ಚಿ ಹಿಟ್ಟಿಗೆ ಒತ್ತಿದಳು. ನನಗೆ ಸಿಕ್ಕಿದ್ದು ಪ್ರಾಣಿಯನ್ನು ಹಿಡಿದುಕೊಂಡು ನಿಲ್ಲುವ ಅಧಿಕಾರ ಮಾತ್ರ.

ಈ ಪುನರ್ಜನ್ಮದ ಸಂಗತಿಯನ್ನು ಹೆಡ್‌ಮಾಸ್ಟರಿಗೆ ಹೇಳುವುದನ್ನೇ ಮರೆತಿದ್ದೆ! ಸೋಮವಾರ ಅವರು ತುಂಬಿದ ತರಗತಿಯ ಮುಂದೆ ಇನ್ಸ್‌ಪೆಕ್ಟರಿಗೆ ಕೈತೋರಿಸಿದರು.

"ಸಾರ್, ನಮ್ಮ ಪ್ಲೀಸಿಯೊಸಾರ್! ಮೂರು ಅಡಿ ಕುತ್ತಿಗೆ!"

ಇನ್ಸ್‌ಪೆಕ್ಟರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಎಲ್ರೀ ಕುತ್ತಿಗೆ?"

ಹೆಡ್‌ಮಾಸ್ಟರು ನನ್ನನ್ನು ನೋಡಿದರು.

"ಎಮ್ಮೆ ತಿಂತು, ಸಾರ್."

ತರಗತಿ ಗೊಳ್ಳೆಂದಿತು. ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಆಮೇಲೆ ಪ್ರಾಣಿಯ ಮುಖಕ್ಕೆ ಬಗ್ಗಿದರು.

"ಇಕ್ತಿಯೊಸಾರಿನ ಕಣ್ಣೊಳಗೆ ಮೂಳೆಯ ಉಂಗುರ ಇರುತ್ತೆ. ಚಿತ್ರ ಬರೆಯೋರೆಲ್ಲ ಬರೀ ಚುಕ್ಕೆ ಇಟ್ಟುಬಿಡ್ತಾರೆ. ಇದನ್ನ ಗಮನಿಸಿದ್ದು ನೀವಾ?"

"ಅದೂ ನನ್ನ ಹೆಂಡ್ತೀನೇ, ಸಾರ್."

"ಹಾಗಾದ್ರೆ ನೀವು ಮಾಡಿದ್ದೇನ್ರೀ?"

"ಕುತ್ತಿಗೆ, ಸಾರ್!"

ಕೆಲಸ ಖಾಯಂ ಆಯಿತು. ವನಜ ಈಗ ತುಮಕೂರಿನ ಹೈಸ್ಕೂಲುಗಳಿಗೂ ಇಂಥ ಪ್ರಾಣಿಗಳನ್ನು ಮಾಡಿಕೊಡುತ್ತಾಳೆ. ಯಾವ ಪ್ರಾಣಿ ಎಂದು ಅವಳು ತೀರ್ಮಾನಿಸಿದ ಮೇಲೆ ಹೆಸರಿನ ಚೀಟಿ ಬರೆಯುವುದು ನನ್ನ ಕೆಲಸ.